ನಾಯಿ ‘ಸಾಕು’ ಎನ್ನುವುದಿಲ್ಲ

ನಮ್ಮ ನಾಯಿ ಕೆಂಚನ ಕಾಲು ನೋಡಿದ್ದು ಕಾರಿನ ಹಿಂದಿನ ಸೀಟಿನಲ್ಲಿ. ತುಮಕೂರು ಕಡೆಯ ಬೋಳುಬಂಡೆಯ ಬೆಟ್ಟವೊಂದನ್ನು ಹತ್ತಿ ಇಳಿದಿದ್ದೆವು. ಮಾರ್ಚ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ನಾಯಿ ಒಂದೇ ಸಮನೆ ಮುಂಗಾಲು ನೆಕ್ಕುತ್ತಿತ್ತು. ಎತ್ತಿ ನೋಡಿದರೆ ಅಂಗಾಲಿನ ಕಪ್ಪು ಚರ್ಮ ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಎದ್ದು, ಕೆಳಗಿನ ಕೆಂಪು ಮಾಂಸ ಕಾಣುತ್ತಿತ್ತು. ಆ ಕಾಲಿನಲ್ಲೇ ಅದು ಬೆಟ್ಟವಿಡೀ ಇಳಿದಿತ್ತು. ಕುಂಯ್ ಅನ್ನಲಿಲ್ಲ, ಹಿಂದೆ ಬೀಳಲಿಲ್ಲ. ಕರೆದಾಗಲೆಲ್ಲ ಬಾಲ ಆಡಿಸುತ್ತ ಎದ್ದು ಬಂತು. ಬೂಟು ತೊಟ್ಟಿದ್ದ ನನಗೆ ಬಂಡೆಯ ಕಾವು ತಿಳಿಯಲೇ ಇಲ್ಲ.

ನಾಯಿಯನ್ನು ಜೊತೆಗೆ ಕರೆದುಕೊಂಡು ಚಾರಣ ಹೋಗುವ ರೂಢಿ ನಮ್ಮ ನಗರಗಳಲ್ಲಿ ಬೆಳೆಯುತ್ತಿದೆ. ನಾಯಿಗೆಂದೇ ಬೂಟು, ಬೆನ್ನಚೀಲ, ಮಡಚುವ ಬಟ್ಟಲು ಅಂಗಡಿಗೆ ಬಂದಿವೆ. ಆದರೆ ಸಾಮಾನು ಕೊಂಡರೆ ಬಗೆಹರಿಯುವ ವಿಷಯ ಇದಲ್ಲ. ಮನುಷ್ಯ ಸುಸ್ತಾದರೆ ಕೂರುತ್ತಾನೆ, ಕಾಲು ಉಳುಕಿದರೆ ಕೂಗುತ್ತಾನೆ. ನಾಯಿ ಮಾತ್ರ ಯಜಮಾನ ನಡೆಯುವಷ್ಟು ಹೊತ್ತೂ ನಡೆಯುತ್ತದೆ. ಊರಲ್ಲಿ ನಾವು ಕೊಂಡಾಡುವ ನಿಯತ್ತೇ ಬೆಟ್ಟದಲ್ಲಿ ಅದರ ಜೀವಕ್ಕೆ ಎರವಾಗುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿಂದ ವಾಪಸಾಗಬೇಕು, ಅಸಲಿಗೆ ಅದನ್ನು ಮನೆಯಿಂದ ಹೊರಡಿಸಬೇಕೇ ಎಂಬುದನ್ನೆಲ್ಲ ಅದರ ಪರವಾಗಿ ನಾವೇ ತೀರ್ಮಾನಿಸಬೇಕು.

ಬಯಲುಸೀಮೆಯ ಬೆಟ್ಟಗಳಲ್ಲಿ ಮೊದಲ ಶತ್ರು ಬಿಸಿಲು. ನಾಯಿ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ. ಅಂಗಾಲಿನ ಒಂದಿಷ್ಟು ಬೆವರು ಬಿಟ್ಟರೆ, ಒಳಗಿನ ಕಾವು ಹೊರಹೋಗುವುದು ತೇಕುವುದರಿಂದಲೇ. ಆರೋಗ್ಯವಾಗಿರುವ ನಾಯಿಯ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅದು 41 ದಾಟಿದರೆ ಅಂಗಾಂಗಗಳಿಗೆ ಪೆಟ್ಟು ಬೀಳತೊಡಗುತ್ತದೆ. ಪಗ್, ಬುಲ್‌ಡಾಗ್‌ನಂಥ ಮೊಂಡುಮೂತಿಯ ತಳಿಗಳಿಗೆ ತೇಕುವುದೇ ಕಷ್ಟ. ಅವನ್ನು ಬೇಸಿಗೆಯ ಬೆಟ್ಟಕ್ಕೆ ಕರೆತರಲೇಬಾರದು. ಬಂಡೆಯ ಮೇಲೆ ಕೈಯ ಹಿಂಬದಿ ಊರಿ ಏಳು ಎಣಿಸುವವರೆಗೂ ತಾಳಿಕೊಳ್ಳಲು ಆಗದಿದ್ದರೆ, ನಾಯಿಯ ಪಾದವೂ ತಾಳದು. ಇಪ್ಪತ್ತು ಕಿಲೋ ತೂಗುವ ನಾಯಿಗೆ ಮನೆಯಲ್ಲಿ ಮಲಗಿದ್ದರೂ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಬೇಕು; ಬೆಟ್ಟ ಹತ್ತುವಾಗ ಅದರ ಎರಡು ಮೂರು ಪಟ್ಟು. ಆ ಭಾರ ನಮ್ಮ ಬೆನ್ನಿಗೆ. ಜೊಲ್ಲು ಅಂಟಂಟಾಗಿ, ವಸಡು ಗಾಢ ಕೆಂಪಾಗಿ, ನಡಿಗೆ ತೂರಾಡತೊಡಗಿದರೆ ತಕ್ಷಣ ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಕಾವು ಒಳಗೇ ಉಳಿಯುತ್ತದೆ. ಮೊದಲು ತಂಪು, ಆಮೇಲೆ ಆಸ್ಪತ್ರೆಯ ದಾರಿ.

ಮಲೆನಾಡಿನ ಕಥೆ ಬೇರೆ. ಮಳೆಗಾಲದಲ್ಲಿ ಇಂಬಳಗಳು ನಮ್ಮ ಕಾಲಿಗೆ ಹತ್ತಿದರೆ ಕಿತ್ತು ಎಸೆಯುತ್ತೇವೆ; ನೆಲ ಮೂಸುತ್ತ ಹೋಗುವ, ಹಳ್ಳದ ನೀರು ಕುಡಿಯುವ ನಾಯಿಗೆ ಅವು ಮೂಗಿನ ಹೊಳ್ಳೆಯೊಳಗೇ ಸೇರುತ್ತವೆ. ದಿನಗಟ್ಟಲೆ ಸೀನುತ್ತ, ಮೂಗಿನಿಂದ ರಕ್ತ ಸುರಿಸುತ್ತ ತಿರುಗುವ ನಾಯಿಗೆ ಏನಾಗಿದೆ ಎಂದು ಪೇಟೆಯವರಿಗೆ ಹೊಳೆಯುವುದೇ ಇಲ್ಲ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಕೂತ ಉಣುಗು ತರುವ ಜ್ವರ ಕಾಣಿಸಿಕೊಳ್ಳುವುದು ಒಂದೆರಡು ವಾರದ ಮೇಲೆ, ಚಾರಣದ ಫೋಟೊಗಳನ್ನೂ ಮರೆತ ಹೊತ್ತಿಗೆ. ಹಾವಿನ ವಿಷಯದಲ್ಲಿ ಒಂದು ಮಾತು ತಿಳಿದಿರಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆಂದು ತಯಾರಾದದ್ದು. ಘಟ್ಟದ ಪೊದೆಗಳಲ್ಲಿ ಎಲೆಯಂತೆ ಸುಮ್ಮನೆ ಕೂತಿರುವ ಗುಳಿಮಂಡಲ ಆ ಪಟ್ಟಿಯಲ್ಲಿಲ್ಲ. ಪೊದೆಗೆ ಮೂತಿ ಹಾಕುವ ಪ್ರಾಣಿಗೆ ಕಡಿತ ಬೀಳುವುದು ಮೂತಿಗೇ.

ಇಷ್ಟಾದರೂ, ಕಾಡಿನಂಚಿನ ಹಳ್ಳಿಯವರನ್ನು ಕೇಳಿದರೆ ಅವರು ಬಿಸಿಲು, ಹಾವುಗಳಿಗಿಂತ ಮೊದಲು ಹೇಳುವುದು ಹಗ್ಗದ ಮಾತು. ಬಿಟ್ಟ ನಾಯಿ ಆನೆಯ ವಾಸನೆ ಹಿಡಿದು ಬೊಗಳುತ್ತ ನುಗ್ಗುತ್ತದೆ. ಆನೆ ತಿರುಗಿ ಬಿದ್ದ ಕೂಡಲೇ ಓಡಿ ಬರುವುದು ಯಜಮಾನನ ಕಾಲ ಬುಡಕ್ಕೆ. ಅದರ ಹಿಂದೆಯೇ ಆನೆ. ಚಿರತೆಗಂತೂ ನಾಯಿ ಸುಲಭದ ಬೇಟೆ. ತೋಟದಂಚುಗಳಲ್ಲಿ ಕಾಡುಹಂದಿಗೆಂದು ಕದ್ದು ಕಟ್ಟುವ ತಂತಿಯ ಉರುಳುಗಳು ಇನ್ನೂ ಭೀಕರ. ಚಿರತೆಯನ್ನೇ ಬಿಡದ ಉರುಳು ನಾಯಿಯನ್ನು ಬಿಟ್ಟೀತೇ? ಬಿಡಿಸಿಕೊಳ್ಳಲು ಎಳೆದಷ್ಟೂ ತಂತಿ ಬಿಗಿಯುತ್ತದೆ. ಎರಡು ಮೀಟರ್ ಹಗ್ಗ ಕೈಯಲ್ಲಿದ್ದರೆ ಈ ಅಪಾಯಗಳಲ್ಲಿ ಬಹುಪಾಲು ದೂರ ಉಳಿಯುತ್ತವೆ. ‘ನಮ್ಮದು ಕರೆದರೆ ಬರುತ್ತದೆ’ ಎನ್ನುವವರನ್ನು ನಾನು ನಂಬುವುದಿಲ್ಲ. ಜಿಂಕೆ ಕಂಡ ಕ್ಷಣದಲ್ಲಿ ಯಾವ ನಾಯಿಗೂ ಹೆಸರು ನೆನಪಿರುವುದಿಲ್ಲ.

ಇನ್ನೊಂದು ಕಡೆ ಕಾಡಿನ ಕ್ಷೇಮವೂ ಇದೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಡಿಸ್ಟೆಂಪರ್ ಎಂಬ ನಾಯಿರೋಗ ಅಲ್ಲಿನ ಸುಮಾರು ಮೂರನೇ ಒಂದರಷ್ಟು ಸಿಂಹಗಳನ್ನು ಬಲಿ ಪಡೆಯಿತು. 2018ರಲ್ಲಿ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅಲ್ಲಿಯೂ ಅದೇ ವೈರಾಣು ಪತ್ತೆಯಾಯಿತು. ನಮ್ಮ ಘಟ್ಟದ ಕೆನ್ನಾಯಿ ಸಾಕುನಾಯಿಯ ಹತ್ತಿರದ ನೆಂಟ. ನಾಯಿಯ ರೋಗ ಅದಕ್ಕೂ ತಗಲುತ್ತದೆ. ಡಿಸ್ಟೆಂಪರ್, ಪಾರ್ವೊ, ಇಲಿಜ್ವರ, ರೇಬಿಸ್ ಲಸಿಕೆಗಳು ನಾಯಿಯನ್ನೂ ಕಾಯುತ್ತವೆ, ಕಾಡನ್ನೂ ಕಾಯುತ್ತವೆ. ಅಷ್ಟೆಲ್ಲ ಹಾಕಿಸಿದರೂ ಅಭಯಾರಣ್ಯ ಅದರ ಜಾಗವಲ್ಲ. ಕುಮಾರ ಪರ್ವತ ಇರುವುದು ಪುಷ್ಪಗಿರಿ ಅಭಯಾರಣ್ಯದಲ್ಲಿ, ಕೊಡಚಾದ್ರಿ ಮೂಕಾಂಬಿಕಾ ಅಭಯಾರಣ್ಯದಲ್ಲಿ, ನೇತ್ರಾವತಿ ಶಿಖರ ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ. ಇಲ್ಲಿ ಸಿಗುವ ಚಾರಣದ ಪರವಾನಗಿ ಮನುಷ್ಯರಿಗೆ ಮಾತ್ರ.

ಹಾಗಾದರೆ ಗೇಟಿನವರೆಗೆ ಬಂದ ನಾಯಿಯ ಗತಿ? ಬೀಗ ಹಾಕಿದ ಕಾರಿನಲ್ಲಿ ಬಿಟ್ಟು ಹೋಗುವುದು ಬಂಡೆಯ ಮೇಲೆ ನಡೆಸುವುದಕ್ಕಿಂತ ಘೋರ. ಇದಕ್ಕೊಂದು ದಾರಿಯನ್ನು ಬೇರೆಡೆ ಕಂಡುಕೊಂಡಿದ್ದಾರೆ. ಅಮೆರಿಕದ ಅಪಲಾಚಿಯನ್ ಟ್ರೇಲ್ 14 ರಾಜ್ಯಗಳನ್ನು ಹಾಯುವ, ಸುಮಾರು 3,500 ಕಿ.ಮೀ. ಉದ್ದದ ಕಾಲುದಾರಿ. ದೃಷ್ಟಿಯಿಲ್ಲದ ಬಿಲ್ ಇರ್ವಿನ್ 1990ರಲ್ಲಿ ದಾರಿ ತೋರುವ ನಾಯಿ ಓರಿಯೆಂಟ್ ಜೊತೆ ಅದನ್ನು ನಡೆದು ಮುಗಿಸಿದ್ದರು. ಅಂಥ ಸೇವಾನಾಯಿಗಳನ್ನು ಬಿಟ್ಟರೆ, ದಾರಿಯ ನಡುವೆ ಬರುವ ಗ್ರೇಟ್ ಸ್ಮೋಕಿ ಮೌಂಟನ್ಸ್ ಉದ್ಯಾನದೊಳಗಿನ ಈ ಕಾಲುದಾರಿಯಲ್ಲಿ ಸಾಕುನಾಯಿಗಳಿಗೆ ಪ್ರವೇಶವಿಲ್ಲ. ನಿಷೇಧದ ಜೊತೆಗೇ ಒಂದು ಏರ್ಪಾಡೂ ಬೆಳೆದಿದೆ: ಉದ್ಯಾನದ ಒಂದು ತುದಿಯಲ್ಲಿ ನಾಯಿಯನ್ನು ವಹಿಸಿಕೊಂಡು, ಕೆಲವು ದಿನ ಸಾಕಿ, ಇನ್ನೊಂದು ತುದಿಯಲ್ಲಿ ಯಜಮಾನನಿಗೆ ಒಪ್ಪಿಸುವವರಿದ್ದಾರೆ. ಕುಕ್ಕೆಯಲ್ಲೋ ಕಳಸದಲ್ಲೋ ಹೋಂಸ್ಟೇ ನಡೆಸುವವರು ಇಂಥದ್ದನ್ನು ಮಾಡಬಹುದು. ನಾಲ್ಕು ಕಾಸೂ ಆದೀತು. ಅರಣ್ಯ ಇಲಾಖೆಯೂ ಟಿಕೆಟ್ ಕಾಯ್ದಿರಿಸುವ ಹೊತ್ತಿಗೇ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ನಾಯಿಗೆ ಪ್ರವೇಶವಿಲ್ಲವೆಂಬ ಮಾತು ಹೇಳಬೇಕು. ಇನ್ನೂರು ಮುನ್ನೂರು ಕಿ.ಮೀ. ಬಂದವರಿಗೆ ಗೇಟಿನಲ್ಲಿ ಹೇಳಿದರೆ ತಕರಾರು ಬಿಟ್ಟು ಬೇರೇನೂ ಆಗುವುದಿಲ್ಲ.

ಕೊನೆಯದಾಗಿ, ಯಾರೂ ಲೆಕ್ಕಕ್ಕೆ ಹಿಡಿಯದ ನಾಯಿಗಳಿವೆ: ಬೆಟ್ಟದ ಬುಡದ ಊರಿನವು. ಬಸ್ಸು ಇಳಿದವರು ಒಂದು ಬಿಸ್ಕತ್ತು ಹಾಕಿದರೆ ಸಾಕು, ಶಿಖರದವರೆಗೂ ಹಿಂಬಾಲಿಸುತ್ತವೆ. ಚಾರಣಿಗರಲ್ಲಿ ಕೆಲವರು ಬೆಟ್ಟದ ಆಚೆ ಬದಿಗೆ ಇಳಿದು, ಅಲ್ಲಿ ಕಾಯುತ್ತಿರುವ ಜೀಪು ಹತ್ತಿ ಹೊರಟುಬಿಡುತ್ತಾರೆ. ನಾಯಿ ಸ್ವಲ್ಪ ದೂರ ಜೀಪಿನ ಹಿಂದೆ ಓಡುತ್ತದೆ. ಆಮೇಲೆ ಅದು ಪರವೂರಿನ ನಾಯಿಗಳ ನಡುವೆ, ಕತ್ತಲಾಗುವ ಹೊತ್ತಿಗೆ, ತನ್ನ ಊರಿಗೂ ತನಗೂ ನಡುವೆ ಇಡೀ ಕಾಡನ್ನಿಟ್ಟುಕೊಂಡು ನಿಂತಿರುತ್ತದೆ. ಬಿಸ್ಕತ್ತು ಹಾಕಲೇಬೇಕೆನಿಸಿದರೆ ಬೆಟ್ಟ ಇಳಿದು ಬಂದ ಮೇಲೆ, ಅದರ ಊರಿನಲ್ಲೇ ಹಾಕಿ.