ಉಪ್ಪು ತಿಂದ ಕಬ್ಬಿಣ

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬುದು ಹಿರಿಯರ ಮಾತು. ಉಪ್ಪು ತಿಂದ ಕಬ್ಬಿಣದ ಗತಿಯೇನೆಂಬುದನ್ನು, ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹಳೆಯ ಪಿಕಪ್ ಲಾರಿಗಳ ಅಡಿಯನ್ನು ಬಗ್ಗಿ ನೋಡಿದವರೇ ಬಲ್ಲರು. ಮಿಷಿಗನ್, ಒಹಾಯೊ, ನ್ಯೂಯಾರ್ಕ್ ಮೊದಲಾದೆಡೆಗಳಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗೆ ಉಪ್ಪನ್ನು ಎರಚುವರು. ಆ ಉಪ್ಪುನೀರು ಚಕ್ರಗಳಿಂದ ಚಿಮ್ಮಿ, ಗಾಡಿಯ ಸಂದುಗೊಂದುಗಳಲ್ಲಿ ಮನೆಮಾಡಿಕೊಂಡು, ಬ್ರೇಕಿನ ಉಕ್ಕಿನ ಕೊಳವೆಗಳನ್ನು ವರ್ಷವರ್ಷವೂ ಸದ್ದಿಲ್ಲದೆ ಮೆಲ್ಲುತ್ತ ಬರುತ್ತದೆ.

ಆ ಕೊಳವೆಗಳಾದರೋ ಬೆರಳಿಗಿಂತಲೂ ಸಪೂರ. ಆದರೂ ಚಾಲಕನ ಕಾಲಿನ ಒತ್ತಡವನ್ನು ನಾಲ್ಕು ಚಕ್ರಗಳಿಗೂ ಮುಟ್ಟಿಸುವುದು ಅವುಗಳೊಳಗಿನ ದ್ರವವೇ. ಕೊಳವೆ ಒಡೆದರೆ ದ್ರವ ಸೋರುವುದು; ಪೆಡಲು ಕುಸಿಯುವುದು. ದ್ರವಕ್ಕೆ ಎರಡು ಪ್ರತ್ಯೇಕ ಮಾರ್ಗಗಳಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಉಳಿದೀತು, ನಿಜ. ಆದರೆ ಭಾರ ಹೊತ್ತು ಇಳಿಜಾರಿನಲ್ಲಿ ಬರುವ ಗಾಡಿಗೆ ಅರೆ ಬ್ರೇಕು ಎಷ್ಟರ ಆಸರೆ?

ಇದು ಯಾರ ತಪ್ಪೆಂಬ ವ್ಯಾಜ್ಯವೂ ನಡೆದುಹೋಗಿದೆ. ಜನರಲ್ ಮೋಟರ್ಸ್ ಕಂಪನಿಯ 1999ರಿಂದ 2003ರವರೆಗಿನ ಪಿಕಪ್ಪುಗಳ ಬಗೆಗೆ ದೂರುಗಳು ಬಂದಾಗ, ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯು 2010ರಲ್ಲಿ ವಿಚಾರಣೆಗೆ ತೊಡಗಿ 2015ರ ಏಪ್ರಿಲ್‌ನಲ್ಲಿ ಅದನ್ನು ಮುಗಿಸಿತು. ಗಾಡಿಗಳನ್ನು ಕಂಪನಿಯು ಹಿಂದಕ್ಕೆ ಕರೆಸಿ ದುರಸ್ತಿ ಮಾಡಿಕೊಡಬೇಕೆಂಬ ಆಜ್ಞೆ ಹೊರಡಲಿಲ್ಲ. ಇದು ವಯಸ್ಸಿನ ಸವೆತ, ಮಾಲೀಕರು ಗಾಡಿಯ ಅಡಿಯನ್ನು ತೊಳೆಯಲಿ, ಕೊಳವೆಗಳನ್ನು ಪರೀಕ್ಷಿಸಲಿ ಎಂಬುದೇ ತೀರ್ಮಾನದ ಸಾರ. ನ್ಯಾಯ ಯಾರ ಕಡೆಗಿದ್ದರೂ ಖರ್ಚು ಮಾತ್ರ ಮಾಲೀಕನದಾಯಿತು.

ಒಡೆದ ತುಂಡನ್ನಷ್ಟೇ ಕತ್ತರಿಸಿ ತೇಪೆ ಹಾಕೋಣವೆಂಬ ಆಸೆ ಇಂಥಲ್ಲಿ ಸಹಜ. ಆದರೆ ಉಳಿದ ಕೊಳವೆಯೂ ಅದೇ ಉಪ್ಪನ್ನು ಉಂಡಿದೆಯಲ್ಲವೆ? ಇಂದು ಸೋರಿದ್ದು ಇಲ್ಲಿ. ನಾಳೆ ಸೋರುವುದು ಅದರ ಪಕ್ಕದಲ್ಲಿ. ಆದುದರಿಂದ ಬಲ್ಲ ಮೇಸ್ತ್ರಿ ಇಡೀ ಕೊಳವೆಯನ್ನೇ ಬದಲಿಸುವನು. ತಾಮ್ರಕ್ಕೆ ಶೇಕಡಾ 10ರಷ್ಟು ನಿಕ್ಕಲ್ ಬೆರೆಸಿದ ಕೊಳವೆ ಈ ಕೆಲಸಕ್ಕೆ ಉತ್ತಮ. ಅದು ಕೈಯಿಂದಲೇ ಬಾಗುವುದು, ಉಪ್ಪಿಗೆ ಸುಲಭವಾಗಿ ಮಣಿಯದು. ಮೊದಲು ನಟ್ಟನ್ನು ಕೊಳವೆಗೆ ತೊಡಿಸಿ, ಅನಂತರ ತುದಿಯನ್ನು ಇಮ್ಮಡಿ ಮಡಿಕೆಯಾಗಿ ಅರಳಿಸಬೇಕು. ಕ್ರಮ ತಪ್ಪಿದರೆ ಅರಳಿಸಿದ ತುದಿಯನ್ನು ಕತ್ತರಿಸಿ ಮತ್ತೆ ಮೊದಲಿನಿಂದ ತೊಡಗಬೇಕು. ನೀರಿನ ನಲ್ಲಿಗೆ ಹಾಕುವ ಬಿಗಿಜೋಡಣೆಗಳು ಬ್ರೇಕಿನ ಒತ್ತಡಕ್ಕೆ ಸಲ್ಲವು.

ಕೊನೆಗೆ ಉಳಿಯುವುದು ಗಾಳಿಯ ಕಾಟ. ದ್ರವ ಕುಗ್ಗದು, ಗಾಳಿ ಕುಗ್ಗುವುದು. ಒಳಗೆ ಗುಳ್ಳೆಗಳು ಉಳಿದರೆ ಕಾಲಿನ ಬಲವೆಲ್ಲ ಅವುಗಳನ್ನು ಅಮುಕುವುದಕ್ಕೇ ವ್ಯಯವಾಗುವುದು. ಆದ್ದರಿಂದ ಗಾಡಿಯ ಕೈಪಿಡಿ ಹೇಳಿದ ಕ್ರಮದಲ್ಲಿ ಒಂದೊಂದು ಚಕ್ರದಿಂದಲೂ ಗಾಳಿಯನ್ನು ಹೊರಡಿಸಿ, ಪೆಡಲು ಗಟ್ಟಿಯಾದ ಮೇಲೆ, ಒಂದೊಂದು ಜೋಡಣೆಯನ್ನೂ ಒರೆಸಿ ನೋಡಿ, ತೇವವಿಲ್ಲವೆಂದು ಖಚಿತವಾದರೆ ಮಾತ್ರ ಗಾಡಿ ರಸ್ತೆಗಿಳಿಯತಕ್ಕದ್ದು.

ಓಡುವ ಶಕ್ತಿಯನ್ನು ಹೊಗಳುವವರು ಬಹಳ ಮಂದಿ. ನಿಲ್ಲುವ ಶಕ್ತಿಯ ನೆನಪಾಗುವುದು ಅದು ಕೈಕೊಟ್ಟಾಗಲೇ. ಅಷ್ಟರಲ್ಲಿ ಎದುರಿಗಿರುವುದು ಯಾರ ಮನೆಯ ಮಗುವೋ!