ಅಡಿಗೆಮನೆ: ಹೆಬ್ಬೆರಳೊತ್ತಿದ ಕಡುಬು

ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳಲ್ಲಿ ಜೋಳದ ಕಡುಬು ಮಾಡುವಾಗ ಹಿರಿಯ ಹೆಂಗಸರ ಕೈ ನೋಡುವಂತಿರುತ್ತದೆ. ಬಿಸಿ ಹಿಟ್ಟನ್ನು ತುಸುತುಸುವೇ ಮುರಿದು, ಅಂಗೈಯಲ್ಲಿ ಉರುಳಿಸಿ, ನಡುವೆ ಹೆಬ್ಬೆರಳಿನಿಂದ ಒಮ್ಮೆ ಒತ್ತಿ ತಟ್ಟೆಗೆ ಹಾಕುವರು. ಆ ಗುಳಿ ಚೆಲುವಿಗಾಗಿ ಇಟ್ಟದ್ದೆಂದು ತಿಳಿದವರುಂಟು. ಅದರ ಕೆಲಸವೇ ಬೇರೆ. ನಡುಭಾಗ ತೆಳುವಾಗುವುದರಿಂದ ಕಡುಬು ಒಳಗೂ ಹೊರಗೂ ಒಂದೇ ಸಮನೆ ಬೇಯುತ್ತದೆ. ಬಡಿಸಿದಾಗ ಒಗ್ಗರಣೆಯ ಎಣ್ಣೆಯೂ ಪುಂಡಿಪಲ್ಯದ ಹುಳಿಯೂ ಅಲ್ಲಿಯೇ ನಿಲ್ಲುತ್ತವೆ.

ಈ ಸೀಮೆಯಿಂದ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಹೋಗಿ ಸಂಸಾರ ಹೂಡಿದ ಹೆಣ್ಣುಮಕ್ಕಳು ಕಡುಬು ಮಾಡಲು ಕುಳಿತರೆ ತೊಂದರೆ ಬರುವುದು ಬಹುಮಟ್ಟಿಗೆ ಒಂದೇ ಕಡೆ. ಒತ್ತಿದೊಡನೆ ಅಂಚು ಬಿರಿಯುತ್ತದೆ. ಬೇಯುವಾಗ ಕಡುಬು ಒಡೆಯುತ್ತದೆ. ತವರಿಗೆ ಕೇಳಿದರೆ, “ಅಂದಾಜಿನ ಮ್ಯಾಲೆ ನೀರು ಹಾಕವ್ವಾ” ಎಂಬ ಉತ್ತರ ಬರುತ್ತದೆ. ಅವ್ವನ ಕೈಗುಣ ತಮಗೆ ಬರಲಿಲ್ಲವೆಂದು ಹಿಟ್ಟಿನ ಡಬ್ಬಿಯನ್ನು ಮುಚ್ಚಿಡುವವರೇ ಹೆಚ್ಚು.

ಅದು ಕೈಗುಣವಲ್ಲ, ಎಸರಿನ ಗುಣ. ಗೋಧಿಯಲ್ಲಿ ಗ್ಲೂಟೆನ್ ಎಂಬ ಅಂಟಿನ ಅಂಶವಿದೆ, ಜೋಳದಲ್ಲಿ ಅದಿಲ್ಲ. ಕುದಿಯುವ ನೀರು ಬಿದ್ದಾಗ ಜೋಳದ ಪಿಷ್ಟ ನೀರು ಹೀರಿ ಉಬ್ಬಿ ಅಂಟಾಗುತ್ತದೆ. ಹಿರಿಯರು ‘ಜಿಗಿ’ ಎನ್ನುವುದು ಅದನ್ನೇ. ತಣ್ಣೀರಿನಲ್ಲಿ ಎಷ್ಟು ನಾದಿದರೂ ಆ ಜಿಗಿ ಹುಟ್ಟದು.

ಬೇಕಾಗುವ ಸಾಮಾನು: ಹೊಸದಾಗಿ ಬೀಸಿದ ಜೋಳದ ಹಿಟ್ಟು 2 ಬಟ್ಟಲು, ನೀರು ಸುಮಾರು 1¾ ಬಟ್ಟಲು, ಉಪ್ಪು, ಎಣ್ಣೆ 3 ಚಮಚ, ಈರುಳ್ಳಿ 2, ಹಸಿಮೆಣಸಿನಕಾಯಿ 4, ಬೆಳ್ಳುಳ್ಳಿ 6 ಎಸಳು, ಸಾಸಿವೆ, ಜೀರಿಗೆ, ಕರಿಬೇವು, ಅರಿಸಿನ, ಹುರಿದ ಶೇಂಗಾದ ಪುಡಿ 2 ಚಮಚ, ಅರ್ಧ ನಿಂಬೆಹಣ್ಣು.

ಮಾಡುವ ಕ್ರಮ: ನೀರಿಗೆ ಉಪ್ಪು ಮತ್ತು 1 ಚಮಚ ಎಣ್ಣೆ ಹಾಕಿ ಮರಳಿಸಬೇಕು. ಅದರಲ್ಲಿ ಕಾಲು ಬಟ್ಟಲನ್ನು ತೆಗೆದಿಟ್ಟು, ಉಳಿದುದಕ್ಕೆ ಹಿಟ್ಟು ಸುರಿದು ಸೌಟಿನ ಹಿಡಿಯಿಂದ ತಿರುವಿ, ಒಲೆಯಿಂದಿಳಿಸಿ 5 ನಿಮಿಷ ಮುಚ್ಚಿಡಬೇಕು. ಕೈ ತಾಳುವಷ್ಟು ಬಿಸಿಯಿರುವಾಗಲೇ, ಬೇಕಾದಷ್ಟೇ ಬಿಸಿನೀರು ಚಿಮುಕಿಸುತ್ತ ನುಣ್ಣಗೆ ನಾದಬೇಕು. ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ ಹೆಬ್ಬೆರಳಿನಿಂದ ಒತ್ತಬೇಕು. ಅಂಚು ಬಿರಿದರೆ ಹಿಟ್ಟಿಗೆ ಇನ್ನೂ ನೀರು ಬೇಕೆಂದು ಅರ್ಥ. ಹಬೆಯಲ್ಲಿ 15 ನಿಮಿಷ ಬೇಯಿಸಿ, ಆರಿದ ಮೇಲೆ ಈರುಳ್ಳಿಯ ಒಗ್ಗರಣೆಯಲ್ಲಿ ಹೊರಳಿಸಿ, ಶೇಂಗಾಪುಡಿಯನ್ನೂ ನಿಂಬೆರಸವನ್ನೂ ಸೇರಿಸಬೇಕು. ಪುಂಡಿಪಲ್ಯದೊಡನೆ ತಿನ್ನುವವರು ಒಗ್ಗರಣೆಯನ್ನು ಬಿಡಬಹುದು.

ಇದೇ ಹೆಬ್ಬೆರಳು ದೂರದ ಚೀನದಲ್ಲಿಯೂ ಕೆಲಸ ಮಾಡುತ್ತದೆ. ‘ಹಕ್ಕಾ ನೂಡಲ್ಸ್’ ಎಂಬ ಹೆಸರು ಇಂದಿನ ಮಕ್ಕಳಿಗೆಲ್ಲ ಗೊತ್ತು. ಹಕ್ಕಾ ಎಂಬುದು ದಕ್ಷಿಣ ಚೀನದ ಒಂದು ಜನಸಮುದಾಯ. ಕೋಲ್ಕತ್ತೆಯ ಟಾಂಗ್ರಾದಲ್ಲಿ ಚರ್ಮ ಹದಮಾಡುವ ಉದ್ಯಮ ಕಟ್ಟಿದವರು ಅವರೇ. ಹೊಸವರ್ಷದ ಹಬ್ಬಕ್ಕೆ ಅವರು ಕೆಸುವಿನ ಗೆಡ್ಡೆಯಿಂದ ಇಂತಹ ಗುಳಿಯ ಉಂಡೆಗಳನ್ನು ಮಾಡುವರು. ಅವುಗಳ ಹೆಸರು ‘ಸುವಾನ್ ಪಾನ್ ಝು’, ಎಂದರೆ ಲೆಕ್ಕದ ಮಣಿಚೌಕಟ್ಟಿನ ಮಣಿಗಳು. ವರ್ಷವಿಡೀ ಎಣಿಸುವಷ್ಟು ಹಣ ಬರಲಿ ಎಂಬುದು ಅದರ ಹಾರೈಕೆ.

ಅದನ್ನು ಶಾಕಾಹಾರಿಗಳೂ ಮಾಡಬಹುದು. ಅರ್ಧ ಕಿಲೋ ಗೆಡ್ಡೆಯನ್ನು ಪೂರ್ಣವಾಗಿ ಬೇಯಿಸಿ, ಸಿಪ್ಪೆ ತೆಗೆದು, ಬಿಸಿಯಲ್ಲೇ ಹಿಸುಕಿ, ಸುಮಾರು 200 ಗ್ರಾಂ ಮರಗೆಣಸಿನ ಪಿಷ್ಟವನ್ನೂ ಉಪ್ಪನ್ನೂ ಬೆರೆಸಿ ನಾದಬೇಕು. ಹಸಿಗೆಡ್ಡೆಯಲ್ಲಿ ಸೂಜಿಯಂತಹ ಆಕ್ಸಲೇಟ್ ಹರಳುಗಳಿರುವುದರಿಂದ ಅರೆಬೆಂದರೆ ಗಂಟಲು ತುರಿಸೀತು. ಒತ್ತಿದ ಮಣಿಗಳನ್ನು ಕುದಿಯುವ ನೀರಿನಲ್ಲಿ ಬಿಟ್ಟು, ತೇಲಿಬಂದ ಮೇಲೆ ಇನ್ನೂ 2 ನಿಮಿಷ ಬೇಯಿಸಿ ತಣ್ಣೀರಿಗೆ ಹಾಕಬೇಕು. ಹಕ್ಕಾ ಜನ ಅವನ್ನು ಒಣಸಿಗಡಿ, ಕೊಚ್ಚಿದ ಮಾಂಸಗಳೊಡನೆ ಹುರಿಯುವರು. ಬದಲಿಗೆ ಅಣಬೆ, ಎಲೆಕೋಸು, ಬೆಳ್ಳುಳ್ಳಿ, ಸ್ವಲ್ಪ ಸೋಯಾ ಸಾಸ್ ಸಾಕು.

ಯಾದಗಿರಿಯ ಕಡೆ ಎಳ್ಳ ಅಮಾವಾಸ್ಯೆಯಂದು ಸಜ್ಜೆಯ ಕಡುಬು, ಭಜ್ಜಿಪಲ್ಯಗಳ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಮೊದಲ ಪಾಲನ್ನು ಭೂತಾಯಿಗೆ ಚರಗ ಚೆಲ್ಲುವರು. ಆ ಹೊಲಗಳೂ ಈಗ ಮೊದಲಿನಂತಿಲ್ಲ. ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಮುಗಿದು, ಕಾಲುವೆಯ ನೀರು ಹರಿದ ಸುರಪುರ, ಶಹಾಪುರಗಳ ಎಷ್ಟೋ ಎರೆಭೂಮಿಯಲ್ಲಿ ಜೋಳದ ಬದಲು ಭತ್ತ ನಿಂತಿದೆ. ನೀರು ಬಂದುದು ರೈತನಿಗೆ ಹಿತವೇ. ಆದರೆ ಮನೆಗೆ ಬರುವ ಜೋಳ ಕಡಿಮೆಯಾದಂತೆ ಕಡುಬಿನ ದಿನಗಳೂ ವಿರಳವಾಗುತ್ತವೆ. ನೋಡಿ ಕಲಿಯುವ ಕಿರಿಯರಿಗೆ ನೋಡಲು ಸಿಗುವುದೂ ಅಪರೂಪವಾಗುತ್ತದೆ.

ಆದುದರಿಂದ ಮುಂದಿನ ಸಲ ತವರಿಗೆ ಹೋದ ಮಗಳು, ಅವ್ವ ಅಂದಾಜಿನಲ್ಲಿ ಎಸರಿಡುವ ಮೊದಲು ಒಂದು ಬಟ್ಟಲನ್ನು ಮುಂದೆ ಹಿಡಿದು, ಹಿಟ್ಟೆಷ್ಟು ನೀರೆಷ್ಟು ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮೊದಲ ಹತ್ತು ಕಡುಬುಗಳನ್ನು ಅವ್ವನ ಪಕ್ಕದಲ್ಲಿ ಕುಳಿತೇ ಒತ್ತಿದರೆ ಇನ್ನೂ ಒಳ್ಳೆಯದು.