ಹೆಸರು ಬೇರೆ, ತಳಹದಿ ಒಂದೇ

ಮೋಟಾರು ಕಾರನ್ನು ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಅದರ ಹೆಸರು, ಬಣ್ಣ, ಆಕಾರ ಮತ್ತು ಬೆಲೆಗಳನ್ನು. ಆದರೆ ಕಾರಿನ ಗುಣ ಬಹುಮಟ್ಟಿಗೆ ನಿರ್ಧಾರವಾಗುವುದು ಕಣ್ಣಿಗೆ ಬೀಳದ ಅದರ ಕೆಳಭಾಗದಲ್ಲಿ. ಉಕ್ಕಿನ ನೆಲಗಟ್ಟು, ಇಂಜಿನ್ನನ್ನು ಹೊರುವ ಮುಂಭಾಗದ ಚೌಕಟ್ಟು, ಸ್ಟಿಯರಿಂಗ್, ಚಕ್ರಗಳನ್ನು ಮೈಗೆ ಜೋಡಿಸುವ ಸಸ್ಪೆನ್ಷನ್, ಇವೆಲ್ಲ ಸೇರಿದ ಭಾಗಕ್ಕೆ ಉದ್ಯಮದವರು ‘ಪ್ಲಾಟ್‌ಫಾರಂ’ ಎನ್ನುತ್ತಾರೆ. ನಾವು ಅದನ್ನು ತಳಹದಿ ಎಂದು ಕರೆಯೋಣ. ಒಂದೇ ತಳಹದಿಯ ಮೇಲೆ ಹಲವು ಕಾರುಗಳನ್ನು ಕಟ್ಟಿ ಬೇರೆ ಬೇರೆ ಹೆಸರುಗಳಿಂದ ಮಾರುವುದು ಇಂದು ಲೋಕರೂಢಿಯಾಗಿದೆ.

ಈ ಉಪಾಯ ಹೊಸದಲ್ಲ. 1926ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ ಪಾಂಟಿಯಾಕ್ ಎಂಬ ಕಾರನ್ನು ಹೊರತಂದಾಗಲೇ ಅದರ ಹಲವು ಭಾಗಗಳು ಅದೇ ಸಂಸ್ಥೆಯ ಶೆವರ್ಲೆಯ ಭಾಗಗಳಾಗಿದ್ದವು. 2012ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆ ಈ ವಿದ್ಯೆಯನ್ನು ಮತ್ತಷ್ಟು ಮುಂದಕ್ಕೊಯ್ದಿತು. ಅದರ ‘ಎಂಕ್ಯೂಬಿ’ ಏರ್ಪಾಟಿನಲ್ಲಿ ಮುಂದಿನ ಚಕ್ರಗಳ ಅಚ್ಚಿಗೂ ಚಾಲಕನ ಪೆಡಲಿಗೂ ನಡುವಣ ಅಂತರ ಸ್ಥಿರ. ಉಳಿದ ಉದ್ದಗಲಗಳನ್ನು ಬೇಕಾದಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಗಾಲ್ಫ್, ಆಡಿ ಎ3, ಸ್ಕೋಡಾ ಆಕ್ಟೇವಿಯಾ, ಮೂರೂ ಹೀಗೆ ಒಂದೇ ಏರ್ಪಾಟಿನ ಮೇಲೆ ಮೂಡಿಬಂದವು.

ಇದನ್ನು ಮೋಸವೆಂದು ಜರೆಯುವವರುಂಟು. ಆ ಮಾತನ್ನು ನಾವು ಒಪ್ಪಲಾರೆವು. ಹೊಸ ತಳಹದಿಯ ವಿನ್ಯಾಸಕ್ಕೂ ಅಚ್ಚುಗಳಿಗೂ ಅಪಘಾತದ ಪರೀಕ್ಷೆಗಳಿಗೂ ಅಪಾರ ಧನ ಬೇಕು. ಆ ವೆಚ್ಚ ಲಕ್ಷಾಂತರ ಕಾರುಗಳ ಮೇಲೆ ಹಂಚಿಹೋದರೆ, ದುಬಾರಿ ಕಾರಿಗಾಗಿ ನಡೆದ ಸಂಶೋಧನೆಯ ಫಲ ಅಗ್ಗದ ಕಾರಿಗೂ ದೊರೆಯುತ್ತದೆ. ಒಂದೇ ಹಿಟ್ಟಿನಿಂದ ದೋಸೆಯನ್ನೂ ಪಡ್ಡನ್ನೂ ಮಾಡುವ ಗೃಹಿಣಿಯನ್ನು ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಹಿಟ್ಟು ಕೆಟ್ಟರೆ ಎರಡೂ ಕೆಡುತ್ತವೆ ಎಂಬುದನ್ನು ಮರೆಯಲಾಗದು.

2014ರ ಫೆಬ್ರವರಿಯಲ್ಲಿ ಇದಕ್ಕೊಂದು ಕಹಿ ನಿದರ್ಶನ ದೊರೆಯಿತು. ಜನರಲ್ ಮೋಟಾರ್ಸ್ ಕಾರುಗಳ ಇಗ್ನಿಷನ್ ಸ್ವಿಚ್ಚು ಓಟದ ನಡುವೆಯೇ ಜಾರಿ ಇಂಜಿನ್ ನಿಂತುಬಿಡುತ್ತಿತ್ತು. ಆಗ ಡಿಕ್ಕಿಯಾದರೆ ಗಾಳಿಚೀಲಗಳೂ ಬಿಚ್ಚಿಕೊಳ್ಳುತ್ತಿರಲಿಲ್ಲ. ದುರಸ್ತಿಗಾಗಿ ಸಂಸ್ಥೆ ಮೊದಲು ಹಿಂದಕ್ಕೆ ಕರೆದದ್ದು ಶೆವರ್ಲೆ ಕೋಬಾಲ್ಟ್ ಮತ್ತು ಪಾಂಟಿಯಾಕ್ ಜಿ5 ಎಂಬ ಎರಡೇ ಹೆಸರಿನ ಕಾರುಗಳನ್ನು. ಅದೇ ತಿಂಗಳು ಇನ್ನೂ ನಾಲ್ಕು ಹೆಸರುಗಳು ಪಟ್ಟಿಗೆ ಸೇರಿದವು. ಅವುಗಳಲ್ಲೊಂದಾದ ಸ್ಯಾಟರ್ನ್ ಅಯಾನ್, ಕೋಬಾಲ್ಟಿನ ತಳಹದಿಯ ಮೇಲೆಯೇ ನಿಂತ ಕಾರು. ಈ ದೋಷದಿಂದಾದ 124 ಸಾವುಗಳಿಗೆ ಸಂಸ್ಥೆಯ ನಿಧಿಯಿಂದ ಪರಿಹಾರ ಸಂದಿತು. ಮೊದಲ ಪಟ್ಟಿ ಪ್ರಕಟವಾದಾಗ, ತನ್ನ ಕಾರು ಅದೇ ಕುಲದ್ದೆಂದು ಅಯಾನ್ ಕಾರಿನ ಸಾಮಾನ್ಯ ಒಡೆಯನಿಗೆ ತಿಳಿಯುವ ಬಗೆ ಹೇಗೆ?

ಇದು ದೂರದ ಅಮೆರಿಕದ ಪ್ರಶ್ನೆ ಮಾತ್ರವಲ್ಲ. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ 2022ರಲ್ಲಿ ಟೊಯೋಟಾ ಹೈರೈಡರ್ ಮತ್ತು ಸುಜುಕಿ ಗ್ರಾಂಡ್ ವಿಟಾರಾ ಕಾರುಗಳ ತಯಾರಿಕೆ ಒಟ್ಟಿಗೆ ಆರಂಭವಾಯಿತು. ತಳಹದಿ ಒಂದೇ, ಕಾರ್ಖಾನೆಯೂ ಒಂದೇ; ಅಂಗಡಿ ಮಾತ್ರ ಬೇರೆ. ಬಲ್ಲವರಿಗೆ ಇದು ಗುಟ್ಟೇನಲ್ಲ. ಆದರೆ ಕೊಳ್ಳುವವರೆಲ್ಲರೂ ಬಲ್ಲವರಾಗಿರಬೇಕೆಂಬ ನಿಯಮವಿಲ್ಲವಷ್ಟೆ.

ಆದುದರಿಂದ ನಮ್ಮ ಸೂಚನೆ ಸರಳವಾದುದು. ಕಾರಿನೊಡನೆ ಕೊಡುವ ಕೈಪಿಡಿಯಲ್ಲಿ ಅದರ ತಳಹದಿ ಯಾವುದು, ಅದನ್ನು ಹಂಚಿಕೊಂಡಿರುವ ಬೇರೆ ಕಾರುಗಳಾವುವು ಎಂಬುದನ್ನು ಅಚ್ಚುಮಾಡಬೇಕು. ಒಂದು ಕಾರಿನಲ್ಲಿ ದೋಷ ಕಂಡು ಹಿಂದಕ್ಕೆ ಕರೆದಾಗ, ಅದರ ಬಂಧುಗಳೆಲ್ಲವನ್ನೂ ಪರೀಕ್ಷಿಸಲಾಯಿತೇ, ಫಲವೇನು ಎಂಬುದನ್ನು ಅದೇ ಪ್ರಕಟಣೆಯಲ್ಲಿ ತಿಳಿಸಬೇಕು. ವ್ಯಾಪಾರದ ರಹಸ್ಯ ಬಯಲಾಗುವುದೆಂದು ತಯಾರಕರು ವಾದಿಸಬಹುದು. ಪ್ರತಿಸ್ಪರ್ಧಿಗಳಾದರೋ ಪರಸ್ಪರರ ಕಾರುಗಳನ್ನು ಕೊಂಡು, ಒಂದೊಂದು ತಿರುಪನ್ನೂ ಬಿಚ್ಚಿ ಅಭ್ಯಾಸಮಾಡುತ್ತಲೇ ಇದ್ದಾರೆ. ಹಾಗಿದ್ದ ಮೇಲೆ ಈ ರಹಸ್ಯ ಉಳಿದಿರುವುದು ಯಾರಿಂದ? ಹಣ ತೆತ್ತು, ಹೆಂಡಿರು ಮಕ್ಕಳೊಡನೆ ಅದರಲ್ಲಿ ಕುಳಿತು ಸಾಗುವವನೊಬ್ಬನಿಂದ ಮಾತ್ರ.